ಸುಟ್ಟ ಗಾಡಿಯನ್ನು ಗುಜರಿಗೆ ಹಾಕಬೇಡಿ

ಕಾನೂನು ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ವಾಹನದ ಬೆಂಕಿಗೆ ಸಂಬಂಧಿಸಿದವೇ ಹೆಚ್ಚು. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮ ಯಜಮಾನರಿಗೆ 34 ವರ್ಷ, ಹೊಲಿಗೆ ಕೆಲಸ. ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದಾಗ ಹಿಂದಿನಿಂದ ಪಿಕಪ್ ಗಾಡಿ ಬಂದು ಗುದ್ದಿತು. ಬೈಕ್ ಅಡ್ಡ ಬಿದ್ದು, ಪೆಟ್ರೋಲ್ ಚೆಲ್ಲಿ ಹೊತ್ತಿಕೊಂಡಿತು. ಎಡಗಾಲು, ಬಲಗೈ ಸುಟ್ಟಿವೆ. ಬೆರಳು ಮಡಚಲು ಬರುತ್ತಿಲ್ಲ. ಪಿಕಪ್ಪಿನ ಇನ್ಶೂರೆನ್ಸ್ ಕಡೆಯವರು "ಗುದ್ದಿದ್ದು ನಮ್ಮ ಗಾಡಿ ಇರಬಹುದು, ಆದರೆ ನಿಮ್ಮ ಹಳೇ ಬೈಕಿನ ಟ್ಯಾಂಕ್ ಸೋರುತ್ತಿತ್ತು, ಅದಕ್ಕೇ ಬೆಂಕಿ ಹತ್ತಿತು" ಅನ್ನುತ್ತಾರೆ. ಪಿಕಪ್ ಮಾಲೀಕರು ಆಸ್ಪತ್ರೆ ಖರ್ಚು ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಅಂದಿದ್ದಾರೆ. ಸುಟ್ಟ ಬೈಕನ್ನು ಬಿಡಿಸಿಕೊಂಡು ಹೋಗಿ ಎಂದು ಠಾಣೆಯವರು ಹೇಳುತ್ತಿದ್ದಾರೆ. ನಮ್ಮ ಭಾವ ಗುಜರಿಯವರ ಹತ್ತಿರ ಮಾತಾಡಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಭಾವನವರಿಗೆ ಫೋನ್ ಮಾಡಿ ಗುಜರಿ ಮಾತುಕತೆ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿ.

ಟ್ಯಾಂಕ್ ಮೊದಲೇ ಸೋರುತ್ತಿತ್ತೋ, ಗುದ್ದಿದ ರಭಸಕ್ಕೆ ಒಡೆಯಿತೋ ಎನ್ನುವುದನ್ನು ಬಾಯಿಮಾತಿನಲ್ಲಿ ತೀರ್ಮಾನಿಸಲಾಗದು. ಅದನ್ನು ಹೇಳಬಲ್ಲದ್ದು ಆ ಬೈಕ್ ಒಂದೇ. ಪೇಂಟ್ ಸುಟ್ಟುಹೋಗಿದ್ದರೂ ಟ್ಯಾಂಕಿನ ತಗಡು ಉಳಿದಿರುತ್ತದೆ. ಹೊಡೆತಕ್ಕೆ ತಗ್ಗಾದ ಜಾಗ, ಬೆಸುಗೆ ಬಿಟ್ಟ ಅಂಚು, ಮುಚ್ಚಳದ ಬೀಗ ಕಚ್ಚಿಕೊಂಡಿದೆಯೋ ಕಿತ್ತುಬಂದಿದೆಯೋ, ಪೆಟ್ರೋಲ್ ಕಾಕ್ ಮುರಿದಿದೆಯೋ, ಪೈಪಿನ ಕ್ಲಿಪ್ಪು ಜಾಗದಲ್ಲಿದೆಯೋ: ತಿಳಿದವರು ನೋಡಿದರೆ ಇಷ್ಟರಲ್ಲೇ ಬಹಳಷ್ಟು ಗೊತ್ತಾಗುತ್ತದೆ. ತುಕ್ಕು ಹಿಡಿದು ಬಿದ್ದ ತೂತಿಗೂ ಹೊಡೆತಕ್ಕೆ ಹರಿದ ತಗಡಿಗೂ ಅಂಚಿನಲ್ಲೇ ವ್ಯತ್ಯಾಸ ಕಾಣುತ್ತದೆ. ಗಾಡಿ ಗುಜರಿ ಸೇರಿ ತುಂಡಾದ ಮೇಲೆ ವಿಮಾ ಕಂಪನಿಯ ವಕೀಲರು ಅಪಘಾತ ಪರಿಹಾರದ ಅರ್ಜಿಗಳನ್ನು ಕೇಳುವ ನ್ಯಾಯಮಂಡಳಿಯಲ್ಲಿ ಎದ್ದುನಿಂತು ಟ್ಯಾಂಕ್ ಸೋರುತ್ತಿತ್ತು ಎಂದರೆ, ನಿಮ್ಮ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಅಪಘಾತ ಪರಿಹಾರದ ಕೇಸುಗಳಲ್ಲೇ ವೃತ್ತಿ ಸವೆಸಿದ ನನಗೆ, ಸಾಕ್ಷಿಗಳು ತಿರುಗಿಬಿದ್ದು ಸೋತವರಿಗಿಂತ ಗಾಡಿಯನ್ನು ಕೈಬಿಟ್ಟು ಸೋತವರೇ ಹೆಚ್ಚು ಕಂಡಿದ್ದಾರೆ.

ಈಗ ಮಾಡಬೇಕಾದ್ದು ಇಷ್ಟು. ಪ್ರತಿ ಅಪಘಾತದಲ್ಲೂ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಕೊಡುವ ವರದಿ ಇರುತ್ತದೆ, ಅದನ್ನು ಐ.ಎಂ.ವಿ. ರಿಪೋರ್ಟ್ ಅನ್ನುತ್ತಾರೆ. ಅದರ ಪ್ರತಿ ಕೇಳಿ ಪಡೆಯಿರಿ. ಬಹುಪಾಲು ವರದಿಗಳಲ್ಲಿ ಬ್ರೇಕು, ಜಖಂ ಆದ ಭಾಗಗಳ ಪಟ್ಟಿ, ಕೊನೆಗೆ "ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ" ಎನ್ನುವ ಒಂದು ಸಾಲು ಇರುತ್ತದೆ. ಆ ಸಾಲು ಇದ್ದರೆ ನಿಮಗೆ ಅನುಕೂಲ, ಆದರೆ ಬೆಂಕಿಯ ಕೇಸಿಗೆ ಅದೊಂದೇ ಸಾಲದು. ಟ್ಯಾಂಕ್ ಮತ್ತು ಇಂಧನದ ಪೈಪನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ಎಂದು ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಬೈಕನ್ನು ನೀವೇ ಬಿಡಿಸಿಕೊಳ್ಳಬೇಕಾಗಿ ಬಂದರೆ ನಾಲ್ಕೂ ಕಡೆಯಿಂದ ಫೋಟೊ ತೆಗೆಸಿ, ಟ್ಯಾಂಕಿನ ಒಳಗೂ ಟಾರ್ಚ್ ಬಿಟ್ಟು ವಿಡಿಯೊ ಮಾಡಿಸಿ. ಆಮೇಲೆ ಟಾರ್ಪಾಲು ಹೊದಿಸಿ ಒಂದು ಮೂಲೆಯಲ್ಲಿ ನಿಲ್ಲಿಸಿ. ತೊಳೆಯಬೇಡಿ. ಹಳೆಯ ಸರ್ವಿಸ್ ಬಿಲ್ಲುಗಳಿದ್ದರೆ ಹುಡುಕಿ ಇಡಿ. ಟ್ಯಾಂಕ್ ಸರಿಯಿತ್ತು ಎನ್ನಲು ಮೆಕ್ಯಾನಿಕ್ಕಿನ ಒಂದು ಬಿಲ್ಲಿಗೂ ಬೆಲೆಯಿದೆ.

ಇನ್ನು ಅವರ ವಾದ. ಬೈಕಿನಲ್ಲಿ ಟ್ಯಾಂಕ್ ಇರುವುದು ಸವಾರನ ತೊಡೆಗಳ ನಡುವೆ, ಬಿಸಿ ಎಂಜಿನ್ನಿನ ಮೇಲೆ. ಬಿದ್ದ ಗಾಡಿಯಿಂದ ಪೆಟ್ರೋಲ್ ಹೊರಬರಲು ಟ್ಯಾಂಕ್ ಒಡೆಯಲೇಬೇಕೆಂದಿಲ್ಲ. ಮುಚ್ಚಳದ ಗಾಳಿಕಂಡಿಯಿಂದ ಸೋರಬಹುದು, ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಅದರ ಓವರ್‌ಫ್ಲೋ ಪೈಪಿನಿಂದಲೂ ಸುರಿಯಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ರಸ್ತೆಗೆ ಕಬ್ಬಿಣ ಉಜ್ಜಿದಾಗ ಹಾರುವ ಒಂದು ಕಿಡಿ ಸಾಕು. ಅಂದರೆ ಸುಸ್ಥಿತಿಯಲ್ಲಿದ್ದ ಬೈಕ್ ಕೂಡ ಹೀಗೆ ಬಿದ್ದರೆ ಹೊತ್ತಿಕೊಳ್ಳಬಹುದು. ನಿಂತಿದ್ದ ಬೈಕಿಗೆ ಹಿಂದಿನಿಂದ ಗುದ್ದಿ ಬೀಳಿಸಿದವರು ಬೆಂಕಿಯ ಹೊಣೆಯಿಂದ ಸುಲಭಕ್ಕೆ ನುಣುಚಿಕೊಳ್ಳಲಾಗದು. ಸೋರಿಕೆ ಮೊದಲೇ ಇತ್ತು ಎನ್ನುವವರು ಅದನ್ನು ಸಾಬೀತು ಮಾಡಬೇಕು. ಒಂದು ವೇಳೆ ಮಾಡಿದರೂ ನ್ಯಾಯಮಂಡಳಿ ಪರಿಹಾರದಲ್ಲಿ ಒಂದು ಪಾಲು ಕಡಿತ ಮಾಡಬಹುದು, ಅರ್ಜಿಯನ್ನೇ ತಳ್ಳಿಹಾಕಲು ಅಷ್ಟೇ ಕಾರಣ ಸಾಲದು.

ಕಾಗದಕ್ಕೆ ಸಹಿ ಖಂಡಿತ ಬೇಡ. ಆಸ್ಪತ್ರೆ ಖರ್ಚು ಕೊಟ್ಟರೆ ಇಸಿದುಕೊಳ್ಳಿ, ಇಷ್ಟು ಹಣ ಚಿಕಿತ್ಸೆಗೆಂದು ಬಂದಿದೆ ಎಂದು ಮಾತ್ರ ಬರೆದುಕೊಡಿ. "ಇನ್ನು ಯಾವ ತಕರಾರೂ ಇಲ್ಲ" ಎನ್ನುವ ಸಾಲು ಎಲ್ಲಾದರೂ ನುಸುಳಿದೆಯೇ ನೋಡಿ. ಅದು ಸಾಮಾನ್ಯವಾಗಿ ಎರಡನೇ ಪುಟದ ಕೆಳಗಿರುತ್ತದೆ.

ದಾರಿ ಎರಡಿವೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 164ರಲ್ಲಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಸಿಗುತ್ತದೆ. ಸೆಕ್ಷನ್ 166ರಲ್ಲಿ ತಪ್ಪು ತೋರಿಸಬೇಕು, ಆದರೆ ಮೊತ್ತಕ್ಕೆ ಅಂಥ ಮಿತಿಯಿಲ್ಲ. ನಿಮ್ಮ ಯಜಮಾನರದು ಹೊಲಿಯುವ ಬಲಗೈ. 166ರಲ್ಲೇ ಹೋಗಿ. ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಆ ಗಡುವನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ, ಅದನ್ನು ನಂಬಿಕೊಂಡು ನೀವು ಕೂರಬೇಡಿ.

ಮೊತ್ತದ ಬಗ್ಗೆ ಒಂದು ಮಾತು, ಯಾಕೆಂದರೆ ಜನ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ವೈದ್ಯರು ಅಂಗವೈಕಲ್ಯ ಶೇ. 20 ಎಂದು ಬರೆದರೆ ಪರಿಹಾರವೂ ಶೇ. 20ರ ಲೆಕ್ಕದಲ್ಲೇ ಎಂದುಕೊಳ್ಳುತ್ತಾರೆ. ಹಾಗಿಲ್ಲ. ದೇಹದ ಊನ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಬಿಡಿಸಿ ಹೇಳಿದೆ. ಅದೇ ತೀರ್ಪಿನ ಉದಾಹರಣೆ ನೋಡಿ: ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು. ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ತಿಂಗಳಿಗೆ 15,000 ದುಡಿಯುತ್ತಿದ್ದರು ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000. ನಲವತ್ತರೊಳಗಿನ ಸ್ವಂತ ಉದ್ಯೋಗಸ್ಥರಿಗೆ ಮುಂದಿನ ಗಳಿಕೆಯೆಂದು ಶೇ. 40 ಸೇರಿಸಿದರೆ 2,52,000. ವರ್ಷದ ಗಳಿಕೆಯನ್ನು ಎಷ್ಟರಿಂದ ಗುಣಿಸಬೇಕು ಎನ್ನುವ ಸಂಖ್ಯೆ, ಅಂದರೆ ಗುಣಕ, ಅವರ ವಯಸ್ಸಿಗೆ 16. ನಷ್ಟ ಶೇ. 20 ಎಂದರೆ 8,06,400 ರೂಪಾಯಿ. ಬಲಗೈ ಬೆರಳು ಮಡಚದ ದರ್ಜಿಗೆ ನಷ್ಟ ಶೇ. 60 ಎಂದು ಮನವರಿಕೆ ಮಾಡಿಕೊಟ್ಟರೆ 24,19,200. ಚಿಕಿತ್ಸೆಯ ಖರ್ಚು, ನೋವು, ಮುಂದಿನ ಆಪರೇಷನ್ನು ಇದರ ಮೇಲೆ.

ಆದ್ದರಿಂದ ಚಿಕಿತ್ಸೆ ಮಾಡಿದ ವೈದ್ಯರನ್ನು ಸಾಕ್ಷಿಯಾಗಿ ಕರೆಸಲು ಈಗಲೇ ಕೇಳಿಕೊಳ್ಳಿ. ಸುಟ್ಟ ಚರ್ಮ ವಾಸಿಯಾಗುತ್ತಾ ಬಿಗಿದುಕೊಂಡು ಕೀಲನ್ನು ಎಳೆಯುತ್ತದೆ, ಕೆಲವೊಮ್ಮೆ ಗಾಯ ಮಾಗಿದ ಮೇಲೂ ಈ ಬಿಗಿತ ಹೆಚ್ಚುತ್ತದೆ. ಹಾಗಾಗಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಆತುರ ಬೇಡ, ಅರ್ಜಿಗೆ ಮಾತ್ರ ತಡ ಮಾಡಬೇಡಿ. ಮುಂದೆ ಪ್ಲಾಸ್ಟಿಕ್ ಸರ್ಜರಿ ಬೇಕಾಗುತ್ತದೆಯೇ, ಎಷ್ಟು ಖರ್ಚಾದೀತು ಎನ್ನುವುದನ್ನು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಯಜಮಾನರು ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆ ಹಿಡಿಯಲು ಪ್ರಯತ್ನಿಸುವ ವಿಡಿಯೊ ಒಂದಿರಲಿ.

ಪ್ರಶ್ನೆ: ನಮ್ಮೂರ ಪಕ್ಕದ ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿತು. ನೋಡಲು ಹೋದ ನನ್ನ ತಮ್ಮ ಬೆಂಕಿಗೆ ಸಿಕ್ಕಿಕೊಂಡ. "ಅಪಘಾತ ಆಗಿ ಎಷ್ಟೋ ಹೊತ್ತಾಗಿತ್ತು, ಗಾಡಿ ಓಡುತ್ತಿರಲಿಲ್ಲ, ಅವರೆಲ್ಲ ಪೆಟ್ರೋಲ್ ತುಂಬಿಕೊಳ್ಳಲು ಬಂದವರು" ಎಂದು ಎದುರಿನವರು ಹೇಳುತ್ತಿದ್ದಾರೆ. ಪರಿಹಾರ ಸಿಗುವುದೇ ಇಲ್ಲವೇ?

ಉತ್ತರ: ನಿಮ್ಮ ಎದುರಿನವರು ಹೇಳುತ್ತಿರುವುದನ್ನೆಲ್ಲ ಹಿಂದೊಮ್ಮೆ ಬೇರೊಬ್ಬರು ಹೇಳಿ ಸುಪ್ರೀಂ ಕೋರ್ಟಿನಲ್ಲಿ ಸೋತಿದ್ದಾರೆ. 1987ರ ಅಕ್ಟೋಬರ್ 29ರ ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಮಹಾರಾಷ್ಟ್ರದ ರಾಷ್ಟ್ರೀಯ ಹೆದ್ದಾರಿ 4ರಲ್ಲಿ ಪೆಟ್ರೋಲ್ ಟ್ಯಾಂಕರಿಗೂ ಲಾರಿಗೂ ಡಿಕ್ಕಿಯಾಗಿ, ಟ್ಯಾಂಕರ್ ರಸ್ತೆ ಬಿಟ್ಟು ಪಕ್ಕಕ್ಕೆ ಉರುಳಿತು. ಪೆಟ್ರೋಲ್ ಸೋರತೊಡಗಿತು. ಸಿಡಿದು ಬೆಂಕಿ ಹತ್ತಿದ್ದು ಏಳೂ ಕಾಲರ ಹೊತ್ತಿಗೆ, ಅಂದರೆ ನಾಲ್ಕು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಪರಿಹಾರ ಕೇಳಿದಾಗ, ಡಿಕ್ಕಿಗೂ ಸ್ಫೋಟಕ್ಕೂ ಸಂಬಂಧವಿಲ್ಲವೆಂದು ನ್ಯಾಯಮಂಡಳಿ ಕೈಚೆಲ್ಲಿತು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ, 1991ರಲ್ಲಿ ತೀರ್ಪು ಬಂತು. ಉರುಳಿ ಬಿದ್ದ ಟ್ಯಾಂಕರ್ ಕೂಡ "ಬಳಕೆ"ಯಲ್ಲಿರುವ ವಾಹನವೇ, ಡಿಕ್ಕಿ, ಸೋರಿಕೆ, ಸ್ಫೋಟ ಒಂದಕ್ಕೊಂದು ಹೊಂದಿಕೊಂಡ ಘಟನೆಗಳು, ಆದ್ದರಿಂದ ಇದು ವಾಹನದ ಬಳಕೆಯಿಂದ ಉಂಟಾದ ಅಪಘಾತ ಎಂದು ನ್ಯಾಯಾಲಯ ಹೇಳಿತು.

ಅಂದು ತೀರ್ಮಾನವಾದದ್ದು ತಪ್ಪು ಸಾಬೀತು ಮಾಡಬೇಕಿಲ್ಲದ ಪರಿಹಾರದ ವಿಚಾರ. ನಿಮ್ಮ ತಮ್ಮನಿಗೂ ಕನಿಷ್ಠ ಸೆಕ್ಷನ್ 164ರ ಬಾಗಿಲು ತೆರೆದೇ ಇದೆ. 166ರಲ್ಲಿ ಹೋದರೆ ಮಾತ್ರ, ಅವರು ಅಲ್ಲಿಗೆ ಯಾಕೆ ಹೋಗಿದ್ದರು ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಕೈಯಲ್ಲಿ ಕ್ಯಾನ್ ಇತ್ತೇ? ಇತ್ತು ಎಂದಾದರೆ ನಿಮ್ಮ ವಕೀಲರಿಗೆ ಮೊದಲೇ ನಿಜ ಹೇಳಿ. ಪಾಟೀ ಸವಾಲಿನಲ್ಲಿ ಗೊತ್ತಾಗುವುದಕ್ಕಿಂತ ಅದು ಮೇಲು.

ಪ್ರಶ್ನೆ: ಅಧಿಕೃತ ವರ್ಕ್‌ಶಾಪಿನಲ್ಲಿ ಕಾರಿನ ಫ್ಯೂಯಲ್ ಫಿಲ್ಟರ್ ಬದಲಾಯಿಸಿಕೊಂಡು ಬಂದೆ. ಮಾರನೇ ದಿನದಿಂದ ಪೆಟ್ರೋಲ್ ವಾಸನೆ. ಫೋನ್ ಮಾಡಿದರೆ ಹೊಸ ಫಿಲ್ಟರ್, ಒಂದೆರಡು ದಿನ ಹಾಗೇ ಇರುತ್ತದೆ ಅಂದರು. ಮನೆ ಮುಂದೆ ಸ್ಟಾರ್ಟ್ ಮಾಡುವಾಗಲೇ ಬೆಂಕಿ ಹತ್ತಿತು. ಆರಿಸಲು ಹೋಗಿ ನನ್ನ ಎರಡೂ ಕೈ ಸುಟ್ಟವು. ನಾನು ಹೊರಗಡೆ ಫಾಗ್ ಲೈಟ್ ಹಾಕಿಸಿದ್ದೆ, ಈಗ ಎಲ್ಲ ತಪ್ಪನ್ನೂ ಅದರ ಮೇಲೆ ಹಾಕುತ್ತಿದ್ದಾರೆ. ಇದಕ್ಕೂ ನ್ಯಾಯಮಂಡಳಿಗೆ ಹೋಗಬಹುದೇ?

ಉತ್ತರ: ಬೇಡ. ನಿಮ್ಮದೇ ಕಾರು, ನೀವೇ ಚಾಲಕರು. ಥರ್ಡ್ ಪಾರ್ಟಿ ವಿಮೆ ಇರುವುದು ನಿಮ್ಮ ಗಾಡಿಯಿಂದ ತೊಂದರೆಯಾದ ಬೇರೆಯವರಿಗೆ. ಪಾಲಿಸಿಯ ಜೊತೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದರೂ ಅದು ಸಾವು, ಕೈಕಾಲು ಅಥವಾ ಕಣ್ಣಿನ ನಷ್ಟ, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ. ಸುಟ್ಟ ಕೈ ವಾಸಿಯಾಗುವುದಾದರೆ ಅದರಿಂದ ಏನೂ ಬರದು.

ನೀವು ಹೋಗಬೇಕಾದ್ದು ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. ತಯಾರಕರು, ಮಾರಾಟಗಾರರು, ಸರ್ವಿಸ್ ಮಾಡಿದವರು ಮೂವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಸರ್ವಿಸಿನವರ ಹೊಣೆ ಸೆಕ್ಷನ್ 85ರಲ್ಲಿದೆ. ಕೆಲಸದಲ್ಲಿ ಕೊರತೆ, ನಿರ್ಲಕ್ಷ್ಯ, ಕೊಡಬೇಕಾದ ಎಚ್ಚರಿಕೆ ಕೊಡದಿರುವುದು ಎಲ್ಲಕ್ಕೂ ಅವರು ಉತ್ತರಿಸಬೇಕು. ಗಾಡಿಯನ್ನು ಮಾರ್ಪಡಿಸಿದ್ದರೆ ದಾವೆ ನಿಲ್ಲುವುದಿಲ್ಲ ಎನ್ನುವ ಸೆಕ್ಷನ್ 87(1) ಮಾರಾಟಗಾರನ ವಿಷಯದಲ್ಲಿ ಹೇಳಿದ್ದು. ವರ್ಕ್‌ಶಾಪಿನವರು ಅದನ್ನು ಓದಿ ಹೇಳಿದರೆ ಗಾಬರಿಯಾಗಬೇಡಿ. ಹಾಗೆಂದು ಫಾಗ್ ಲೈಟಿನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ: ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಎಳೆದ ವೈರು ಬೆಂಕಿಗೆ ಕಾರಣವಾಗುವುದುಂಟು. ಆ ವೈರಿನ ತಾಮ್ರ ಎಲ್ಲಿ ಕರಗಿದೆ, ಬೆಂಕಿ ಯಾವ ಕಡೆಯಿಂದ ಶುರುವಾಗಿದೆ ಎನ್ನುವುದನ್ನು ಪರಿಣತರೇ ನೋಡಬೇಕು.

ಇಂಜೆಕ್ಷನ್ ಇರುವ ಕಾರಿನಲ್ಲಿ ಪೆಟ್ರೋಲ್ ಪೈಪಿನೊಳಗೆ ಒತ್ತಡದಲ್ಲಿರುತ್ತದೆ. ಕ್ಲಿಪ್ಪು ಸರಿಯಾಗಿ ಕೂರದಿದ್ದರೆ ತೊಟ್ಟಿಕ್ಕುವುದಲ್ಲದೆ ಸಣ್ಣಗೆ ಚಿಮ್ಮಲೂಬಹುದು. ಹೊಸ ಫಿಲ್ಟರ್ ಹಾಕಿದರೆ ವಾಸನೆ ಬರುತ್ತದೆ ಎಂದ ಆ ಮಹಾಶಯನ ಮಾತೇ ನಿಮ್ಮ ಕೇಸಿನ ಜೀವ. ಫೋನ್ ಮಾಡಿದ ದಿನ, ಹೊತ್ತು ನಿಮ್ಮ ಕರೆಪಟ್ಟಿಯಲ್ಲಿರುತ್ತದೆ, ಸ್ಕ್ರೀನ್‌ಶಾಟ್ ತೆಗೆದಿಡಿ. ಫಿಲ್ಟರ್, ಪೈಪು, ಕ್ಲಿಪ್ಪುಗಳನ್ನು ಯಾರಿಗೂ ಕೊಡಬೇಡಿ, ವರ್ಕ್‌ಶಾಪಿನವರು ಪರೀಕ್ಷೆಗೆಂದು ಕೇಳಿದರಂತೂ ಕೊಡಲೇಬೇಡಿ. ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ, ಅದು ಮುದ್ರೆ ಹಾಕಿ ಕಳಿಸಲಿ. ದೂರಿಗೆ ಎರಡು ವರ್ಷದ ಅವಧಿಯಿದೆ, ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಈ ಅಧ್ಯಾಯದಡಿ ನಿಮ್ಮ ಗಾಯ, ಮಾನಸಿಕ ಯಾತನೆ, ಬೇರೆ ಆಸ್ತಿಯ ನಷ್ಟ ಕೇಳಬಹುದು. ಸುಟ್ಟ ಕಾರಿನ ಬೆಲೆಯನ್ನು ಸೇವಾ ನ್ಯೂನತೆಯಡಿ ಪ್ರತ್ಯೇಕವಾಗಿ ಕೇಳಿ, ಅಥವಾ ಸಮಗ್ರ ವಿಮೆಯಿದ್ದರೆ ಅಲ್ಲಿಂದ ಪಡೆಯಿರಿ.

ಕಾರು ತಯಾರಿಸಿದ ಕಂಪನಿಯನ್ನೂ ಸೇರಿಸಬೇಕೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೆ ವಿನ್ಯಾಸದಲ್ಲೋ ತಯಾರಿಕೆಯಲ್ಲೋ ದೋಷ ತೋರಿಸಬೇಕು. ಜಗತ್ತಿನಲ್ಲಿ ಇಂಥ ಕೇಸುಗಳಿಗೆಲ್ಲ ಹೆಸರಾದದ್ದು ಅಮೆರಿಕದ ಫೋರ್ಡ್ ಪಿಂಟೊ. ಅದರ ಟ್ಯಾಂಕ್ ಹಿಂದಿನ ಆಕ್ಸಲ್ಲಿಗೂ ಬಂಪರಿಗೂ ನಡುವೆ ಇತ್ತು. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ಸರಿದು ಡಿಫರೆನ್ಷಿಯಲ್ಲಿನ ಬೋಲ್ಟುಗಳಿಗೆ ಚುಚ್ಚಿಕೊಳ್ಳುತ್ತಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 12.5 ಕೋಟಿ ಡಾಲರ್ ದಂಡರೂಪದ ಪರಿಹಾರ ವಿಧಿಸಿತು, ನ್ಯಾಯಾಧೀಶರು ಅದನ್ನು 35 ಲಕ್ಷಕ್ಕೆ ಇಳಿಸಿದರು, ಅದೇ ವರ್ಷ ಸುಮಾರು 15 ಲಕ್ಷ ಕಾರುಗಳನ್ನು ಕಂಪನಿ ವಾಪಸ್ ಕರೆಸಿತು. ಅಲ್ಲಿ ದೋಷ ಪ್ರತಿ ಕಾರಿನಲ್ಲೂ ಇತ್ತು. ನಿಮ್ಮಲ್ಲಿ ಕಾಣುತ್ತಿರುವುದು ಒಂದು ಕ್ಲಿಪ್ಪಿನ ಕಥೆ. ಅದೇ ಮಾದರಿಯ ಬೇರೆ ಕಾರುಗಳಲ್ಲೂ ಹೀಗಾಗಿದೆ ಎಂದು ತಿಳಿದುಬಂದರೆ ಕಂಪನಿಯನ್ನು ಸೇರಿಸಿ. ಆಗ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 110ಎ ಅಡಿಯಲ್ಲಿ ಸಾರಿಗೆ ಸಚಿವಾಲಯಕ್ಕೂ ದೂರು ಕೊಡಿ. ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅದರಲ್ಲಿದೆ.

ಪ್ರಶ್ನೆ: ರಾತ್ರಿ ಬಸ್ಸಿಗೆ ಬೆಂಕಿ ಬಿದ್ದರೆ ಸಾಮಾನಿನ ಜೊತೆ ಟಿಕೆಟ್ಟೂ ಸುಟ್ಟುಹೋಗುತ್ತದೆ. ನಾವು ಆ ಬಸ್ಸಿನಲ್ಲಿದ್ದೆವು ಎಂದು ತೋರಿಸುವುದು ಹೇಗೆ?

ಉತ್ತರ: ಬುಕಿಂಗಿನ ಮೆಸೇಜು, ಹಣ ಪಾವತಿಯ ದಾಖಲೆ, ಬಸ್ ಸಂಸ್ಥೆಯ ಪ್ರಯಾಣಿಕರ ಪಟ್ಟಿ, ಆಸ್ಪತ್ರೆಯವರು ಪೊಲೀಸ್ ಕೇಸಿಗೆಂದು ಬರೆದಿಡುವ ಎಂ.ಎಲ್.ಸಿ. ದಾಖಲೆ, ಯಾವುದಾದರೂ ಸಾಕು. ಟಿಕೆಟ್ ಇಲ್ಲ ಎನ್ನುವ ಒಂದೇ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ದಾರಿಯಲ್ಲಿ ಹತ್ತಿದವರ ಹೆಸರು ಮಾತ್ರ ಪಟ್ಟಿಯಲ್ಲಿರುವುದಿಲ್ಲ, ಅಂಥವರು ಪೊಲೀಸರ ಮುಂದೆ ಹೇಳಿಕೆ ಕೊಡುವಾಗ ಎಲ್ಲಿ ಹತ್ತಿದೆ ಎಂಬುದನ್ನು ಬರೆಸಲೇಬೇಕು. ಆಸ್ಪತ್ರೆಗೆ ಕೂಡಲೇ ಕಟ್ಟಲು ದುಡ್ಡಿಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ.

ಡೀಸೆಲ್ ಬಸ್ಸಿಗೆ ಬೆಂಕಿ ಹತ್ತುವುದಿಲ್ಲವೆಂಬ ನಂಬಿಕೆ ಇನ್ನೂ ಅನೇಕರಲ್ಲಿದೆ. ತಣ್ಣಗಿರುವ ಡೀಸೆಲ್ ಕಡ್ಡಿ ಗೀರಿದರೆ ಪೆಟ್ರೋಲಿನಷ್ಟು ಬೇಗ ಹೊತ್ತುವುದಿಲ್ಲ ಎನ್ನುವುದು ನಿಜ. ಆದರೆ ಕಾದ ಎಗ್ಸಾಸ್ಟಿನ ಮೇಲೆ ಚಿಮ್ಮಿದರೆ ಕಿಡಿಯೇ ಬೇಡ, ಪೆಟ್ರೋಲಿಗಿಂತ ಕಡಿಮೆ ಶಾಖದಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಗೋಡೆಗೆ ಬಡಿದು, ಡೀಸೆಲ್ ಟ್ಯಾಂಕ್ ಒಡೆದು, 45 ಜನ ಸತ್ತರು. ಎರಡು ವಾರಕ್ಕೇ ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಬಸ್ಸು ಸುಟ್ಟು ಏಳು ಜನ ಹೋದರು. ಎರಡೂ ಕಡೆ ಬಸ್ಸು ಬಡಿದದ್ದು ರಸ್ತೆ ಬದಿಯ ಕಟ್ಟೆಗೆ. ಚಾಲಕನ ತಪ್ಪೆಂದು ಕಡತ ಮುಚ್ಚಿದರೆ ಟ್ಯಾಂಕ್ ಎಲ್ಲಿತ್ತು, ತುರ್ತು ಬಾಗಿಲು ತೆರೆಯಿತೇ ಎನ್ನುವುದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಅವೆರಡನ್ನೂ ಸ್ಪಷ್ಟವಾಗಿ ಬರೆಸಿ.

ಪ್ರಶ್ನೆ: ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸಿಡಿಯುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಬಂದಿದೆ. ಹೌದೇ?

ಉತ್ತರ: ಇದು ಕಾನೂನಿನ ಪ್ರಶ್ನೆಯಲ್ಲ, ಆದರೂ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಇಲ್ಲ, ಸಿಡಿಯುವುದಿಲ್ಲ. ಉರಿಯುವುದು ಗಾಳಿಯೊಂದಿಗೆ ಬೆರೆತ ಆವಿ, ಅದೂ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಇದ್ದಾಗ ಮಾತ್ರ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಕಡಿಮೆ. ಹಿಗ್ಗುವುದಕ್ಕೆ ಬೇಕಾದಷ್ಟು ಜಾಗವನ್ನು ಟ್ಯಾಂಕ್ ಮಾಡುವಾಗಲೇ ಬಿಟ್ಟಿರುತ್ತಾರೆ. ಬಂಕಿನಲ್ಲಿ ನಾಝಲ್ ತಾನಾಗಿ ನಿಂತ ಮೇಲೂ ಇನ್ನೊಂದಿಷ್ಟು ಹಾಕಿ ಎಂದು ಕುತ್ತಿಗೆ ಮಟ್ಟ ತುಂಬಿಸುವ ಅಭ್ಯಾಸ ಮಾತ್ರ ಬಿಡಿ, ಆ ಹೆಚ್ಚುವರಿ ಪೆಟ್ರೋಲ್ ಆವಿ ಹಿಡಿಯುವ ಡಬ್ಬಿಗೆ ಇಳಿದು ಅದನ್ನು ಹಾಳು ಮಾಡುತ್ತದೆ.